ಸಿ ಬ್ಲಾಕಿನ ಕಿತ್ತಳೆ ದೀಪ

ತಿಮ್ಮೇಶ ಹತ್ತೊಂಬತ್ತು ವರ್ಷ ಒಂದೇ ಕಡೆ ದುಡಿದ. ಹತ್ತೊಂಬತ್ತು ವರ್ಷವೂ ಅವನು ಗುತ್ತಿಗೆಯವನೇ. ಚಿತ್ರದುರ್ಗದಿಂದ ಮದಕರಿಪುರದ ಕಡೆ ಹೋಗುವ ಹಾದಿಯಲ್ಲಿ ಒಂದು ಖಾಸಗಿ ಕಾಲೇಜು. ಮೂರು ಕಟ್ಟಡ, ಮುಂದೆ ನಾಲ್ಕು ಬೇವಿನ ಮರ, ಹಿಂದೆ ಬೆಂಕಿಯ ಹಾಗೆ ಕಾಯುವ ಬಂಡೆ. ಹೆಸರು ಬೇಡ, ಅಂಥ ಕಾಲೇಜು ಎಲ್ಲ ಊರಲ್ಲೂ ಇದೆ. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ವೈರಿನಿಂದ ಹೊಂದಿಸಿ, ಒಂದರ ಮಾತು ಇನ್ನೊಂದಕ್ಕೆ ಮುಟ್ಟುವ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ನೆಟ್ಟಗಿದ್ದಾಗ ಯಾರಿಗೂ ನೆನಪಾಗುವುದಿಲ್ಲ, ಕೆಟ್ಟಾಗ ಎಲ್ಲರಿಗೂ ನೆನಪಾಗುತ್ತದೆ, ಅಂಥ ಕೆಲಸ. ಮೇಷ್ಟ್ರುಗಳು ಅವನನ್ನು 'ವೈರ್ ತಿಮ್ಮೇಶ' ಎನ್ನುತ್ತಿದ್ದರು. ಡಿಪ್ಲೊಮಾ ಮಾಡಿದವನು, ತಮಗಿಂತ ಹೆಚ್ಚು ತಿಳಿದವನು ಎಂದು ಒಬ್ಬರಿಗಾದರೂ ಅನ್ನಿಸಿತ್ತೋ ಇಲ್ಲವೋ.

ಪ್ರತಿ ಏಪ್ರಿಲ್‌ಗೆ ಅವನ ಗುತ್ತಿಗೆ ಮುಗಿಯುತ್ತಿತ್ತು. ಮೇ ತಿಂಗಳಿಡೀ ಅವನು ಆ ಕಾಲೇಜಿಗೆ ಯಾರೂ ಅಲ್ಲ. ಜೂನ್‌ನಲ್ಲಿ ಫೋಟೊ ಅಂಟಿಸಿ ಅರ್ಜಿ ಕೊಟ್ಟು ಹೊಸಬನ ಹಾಗೆ ಸೇರಬೇಕು. ಹೊಳಲ್ಕೆರೆಯ ಬಾಡಿಗೆ ಮನೆಯಲ್ಲಿ ಹೆಂಡತಿ ದೇವಿಕಾ ಫೋಟೊ ಕತ್ತರಿಸಿಕೊಡುತ್ತ, "ಒಂದೇ ಕೆಲ್ಸಕ್ಕೆ ಹತ್ತೊಂಬತ್ತು ಸಲ ಸೇರಿದೋರು ಈ ಜಿಲ್ಲೇಲಿ ನೀವೊಬ್ರೇ ಇರ್ಬೇಕು ಕಣ್ರಿ" ಎಂದು ಚುಚ್ಚುತ್ತಿದ್ದಳು. ಚುಚ್ಚಿದರೂ ಫೋಟೊ ಮಾತ್ರ ನೀಟಾಗಿಯೇ ಕತ್ತರಿಸುವಳು.

ಆ ವರ್ಷ ಕಾರ್ಯದರ್ಶಿ ಶಿವಕುಮಾರಪ್ಪನವರು ತಾವಾಗಿಯೇ ಕರೆದು ಒಂದು ಮಾತು ಹೇಳಿದರು. "ಈ ಸಲ ಒಂದು ಪೋಸ್ಟ್ ಖಾಯಂ ಮಾಡ್ತೀವಪ್ಪ. ಪಟ್ಟಿಯಾಗೆ ನಿನ್ನ ಹೆಸ್ರೇ ಐತೆ. ಈ ಪರೀಕ್ಷೆ ಸೀಸನ್ ಒಂದು ಸುಸೂತ್ರ ಮುಗೀಲಿ." ತಿಮ್ಮೇಶ ಬಸ್ಸಿನಲ್ಲಿ ಹೊಳಲ್ಕೆರೆಗೆ ಹೋಗುವ ತನಕ ಆ ಮಾತನ್ನು ಬಾಯಿ ಬಿಡದೆ ಹಿಡಿದಿಟ್ಟುಕೊಂಡಿದ್ದ. ನಲವತ್ತೆರಡು ವರ್ಷದ ಗಂಡಸು ಹಾಗೆ ಒಂದು ಮಾತನ್ನು ಬಚ್ಚಿಟ್ಟುಕೊಂಡು ಹೋಗುವುದನ್ನು ನೋಡಿದ್ದರೆ ಯಾರಿಗಾದರೂ ಅಯ್ಯೋ ಅನ್ನಿಸುತ್ತಿತ್ತು. ದೇವಿಕಾ ಕೇಳಿಸಿಕೊಂಡು, "ನೋಡಾಣ. ದೇವ್ರು ಕೊಟ್ರೂ ಪೂಜಾರಿ ಕೊಡ್ಬೇಕಲ್ಲ" ಎಂದಳು. ಆದರೆ ರಾತ್ರಿಯ ಊಟಕ್ಕೆ ಶಾವಿಗೆ ಪಾಯಸ ಮಾಡಿದ್ದಳು.

ತಿಮ್ಮೇಶನ ಕಥೆ ತಿಳಿಯಬೇಕಾದರೆ ಅವನ ಅಪ್ಪನ ಕುರಿ ರೊಪ್ಪದ ಕಥೆ ಮೊದಲು ತಿಳಿಯಬೇಕು. ಮಾಡದಕೆರೆಯಿಂದ ಆಚೆ ಒಂದು ಸಣ್ಣ ಹಟ್ಟಿ ಅವರದು. ಅಪ್ಪ ಚಿತ್ರಲಿಂಗಪ್ಪ ಕುರಿ ಸಾಕಿಯೇ ಬದುಕಿ, ಕುರಿ ಸಾಕಿಯೇ ಸತ್ತವನು. ಅವನ ರೊಪ್ಪಕ್ಕೆ ಎರಡು ದಾರಿ ಇದ್ದವು, ಮೂಡಲಿಗೊಂದು, ಪಡುವಲಿಗೊಂದು. ಬೇಲಿಗೆ ಬೆಂಕಿ ಬಿದ್ದರೋ ತೋಳ ನುಗ್ಗಿದರೋ ಒಂದು ಕಡೆ ಅಡ್ಡವಾದರೆ ಇನ್ನೊಂದು ಕಡೆಯಿಂದ ಕುರಿ ಹೊರಡಿಸಬೇಕಲ್ಲ, ಅದಕ್ಕೆ. ಆದರೆ ದಿನನಿತ್ಯ ತೆರೆದಿರುತ್ತಿದ್ದದ್ದು ಮೂಡಲ ದಾರಿ ಒಂದೇ. ಪಡುವಲ ದಾರಿಗೆ ಕಾರೆ ಮುಳ್ಳಿನ ಹೊರೆ. "ಕಲ್ಲು ಕಟ್ಟಿದ್ರೆ ಆಪತ್ತಿಗೆ ತೆಗೆಯಾಕಾಗಲ್ಲ. ಮುಳ್ಳಾದ್ರೆ ಕವೆಗೋಲಾಗೆ ಎಳೆದ್ರೆ ಬಂತು" ಎನ್ನುತ್ತಿದ್ದ. ಮುಳ್ಳಿಟ್ಟ ಮೇಲೆ ಅದಕ್ಕೆ ಹಳೆ ಕರಿಕಂಬಳಿಯ ಚೂರೊಂದನ್ನು ಕಟ್ಟುವುದು ಅವನ ರೂಢಿ. ಇದು ತಾನಾಗಿ ಬಂದು ಬಿದ್ದ ಮುಳ್ಳಲ್ಲ, ಬೇಕೆಂದೇ ಇಟ್ಟದ್ದು ಎಂದು ನೋಡಿದವರಿಗೆ ತಿಳಿಯಲಿ ಎಂದು.

ಎಂಟು ವರ್ಷದವನಿದ್ದಾಗ ತಿಮ್ಮೇಶ ಒಂದು ಸಂಜೆ ಆ ಮುಳ್ಳು ಎಳೆದು ಒಳಗೆ ನುಗ್ಗಿ, ಮತ್ತೆ ಮುಚ್ಚುವುದನ್ನು ಮರೆತ. ಹೊತ್ತು ಮುಳುಗುವ ವೇಳೆಗೆ ಕುರಿ ಬಂದವು. ಚಿತ್ರಲಿಂಗಪ್ಪ ಮೂಡಲ ದಾರಿಯಲ್ಲಿ ನಿಂತು ಎಣಿಸತೊಡಗಿದ. ಇದ್ದದ್ದು ನೂರಾ ಹನ್ನೆರಡು. ಎಣಿಕೆ ನೂರಾ ಹನ್ನೆರಡು ದಾಟಿತು, ನೂರೈವತ್ತು ದಾಟಿತು, ಇನ್ನೂರಾಯಿತು. ಕುರಿ ಬರುತ್ತಲೇ ಇವೆ. ಮುಂದಿನ ಟಗರು ಪಡುವಲಿಂದ ಹೊರಬಿದ್ದು ಬೇಲಿ ಸುತ್ತಿ ಮತ್ತೆ ಮೂಡಲಿಗೆ ಬಂದಿದೆ. ಅದರ ಹಿಂದೆ ಇಡೀ ಮಂದೆ. ಕುರಿ ಬುದ್ಧಿ, ಮುಂದಿನದರ ಬಾಲ ಬಿಟ್ಟರೆ ಅದಕ್ಕೆ ಬೇರೆ ಲೋಕವಿಲ್ಲ. ಕುಂಟು ಕುರಿಯೊಂದು ಮೂರನೆಯ ಸಲ ಎದುರಿಗೆ ಕುಂಟಿಕೊಂಡು ಬಂದಾಗ ಅಪ್ಪನಿಗೆ ಅರ್ಥವಾಯಿತು. ಹಿಂದೆ ಉಳಿದಿದ್ದ ಮರಿಗಳು ಒಳಕ್ಕೆ ಬರಲು ಜಾಗವೇ ಸಿಗದೆ ಹೊರಗೆ ಅರಚುತ್ತಿದ್ದವು. ಮಗನಿಗೆ ಎರಡು ಬಿಗಿದ, ಮುಳ್ಳು ಎಳೆದಿಟ್ಟ, ಕಂಬಳಿ ಚೂರು ಕಟ್ಟಿದ, ಆಮೇಲೆ ಕೂತು ನಕ್ಕ.

ಮುಂದೆ ಚಿತ್ರದುರ್ಗದಲ್ಲಿ ಡಿಪ್ಲೊಮಾ ಓದುವಾಗ ಮೇಷ್ಟ್ರು ಬೋರ್ಡಿನ ಮೇಲೆ ಮೂರು ಪೆಟ್ಟಿಗೆ ಬರೆದು ಮೂರಕ್ಕೂ ಗೆರೆ ಎಳೆದು ಸುತ್ತು ಮಾಡಿ, ಹೀಗಾದರೆ ನೆಟ್‌ವರ್ಕ್ ಸಾಯುತ್ತದೆ ಎಂದರು. ತರಗತಿಯಲ್ಲಿ ನಕ್ಕವನು ತಿಮ್ಮೇಶ ಒಬ್ಬನೇ. ಉಳಿದವರು ಬರೆದುಕೊಂಡರು.

ವಿಷಯ ಅಷ್ಟೇ. ಕಾಲೇಜಿನಲ್ಲಿ ಎ, ಬಿ, ಸಿ ಎಂದು ಮೂರು ಬ್ಲಾಕು. ಒಂದೊಂದರಲ್ಲಿ ಒಂದೊಂದು ಸ್ವಿಚ್ಚು; ಗೋಡೆಯ ದೀಪದ ಸ್ವಿಚ್ಚಲ್ಲ, ಇಟ್ಟಿಗೆಯಷ್ಟು ದಪ್ಪದ, ಉದ್ದನೆಯ ಕಬ್ಬಿಣದ ಪೆಟ್ಟಿಗೆ. ಮುಂದುಗಡೆ ಸಾಲಾಗಿ ತೂತುಗಳು, ತೂತಿಗೊಂದು ವೈರು, ವೈರಿಗೊಂದು ಪುಟ್ಟ ದೀಪ. ಎ ಬ್ಲಾಕಿನಿಂದ ಬಿಗೆ ಒಂದು ವೈರು, ಎ ಬ್ಲಾಕಿನಿಂದ ಸಿಗೆ ಒಂದು ವೈರು. ಇಷ್ಟೇ ಇದ್ದರೆ ಒಂದು ವೈರು ತುಂಡಾದ ದಿನ ಆ ಬ್ಲಾಕು ಕತ್ತಲೆ. ಅದಕ್ಕೆ ತಿಮ್ಮೇಶ ಬಿಯಿಂದ ಸಿಗೆ ಮೂರನೆಯದೊಂದು ವೈರು ಎಳೆದಿದ್ದ. ಎಳೆದ ಕೂಡಲೇ ಸುತ್ತು ಆಯಿತು. ಕಂಪ್ಯೂಟರುಗಳು ಆಗಾಗ ಎಲ್ಲರಿಗೂ ಕೇಳುವ ಹಾಗೆ ಕೂಗು ಹಾಕುತ್ತವೆ, ಇಂಥವನು ಎಲ್ಲಿದ್ದಾನೆ ಎಂದು. ಸ್ವಿಚ್ಚು ಆ ಕೂಗನ್ನು ಬಂದ ತೂತು ಬಿಟ್ಟು ಉಳಿದೆಲ್ಲ ತೂತಿಗೂ ದಾಟಿಸುತ್ತದೆ. ಸುತ್ತಿದ್ದರೆ ಕೂಗು ತಿರುಗಿ ಬರುತ್ತದೆ, ಮತ್ತೆ ದಾಟುತ್ತದೆ, ಒಂದು ಎರಡಾಗಿ ಎರಡು ನಾಲ್ಕಾಗಿ ಬೆಳೆಯುತ್ತದೆ. ಮನುಷ್ಯನ ಮಾತಿಗೆ ಗಂಟಲು ನೋವಾದರೂ ಬರುತ್ತದೆ. ಆ ಕೂಗಿಗೆ ಸುಸ್ತಿಲ್ಲ, ಸಾವಿಲ್ಲ. ಕ್ಷಣದಲ್ಲಿ ವೈರಿನ ತುಂಬ ಅದೇ, ಕೆಲಸದ ಮಾತು ಹಾಯಲು ಎಡೆಯೇ ಇರುವುದಿಲ್ಲ.

ಇದಕ್ಕೆ ಆ ಪೆಟ್ಟಿಗೆಗಳಲ್ಲೇ ಒಂದು ಉಪಾಯ ಇಟ್ಟಿದ್ದಾರೆ. ಸ್ಪ್ಯಾನಿಂಗ್ ಟ್ರೀ ಎಂದು ಅದರ ಹೆಸರು. ಮರದ ಕೊಂಬೆ ಕವಲೊಡೆಯುತ್ತದೆ, ಕವಲೊಡೆದದ್ದು ಮತ್ತೆ ಕೂಡುವುದಿಲ್ಲ. ನೆಟ್‌ವರ್ಕನ್ನೂ ಹಾಗೆ ಮಾಡುವುದು. ಪೆಟ್ಟಿಗೆಗಳು ಎರಡು ಸೆಕೆಂಡಿಗೊಮ್ಮೆ ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದನ್ನು ಯಜಮಾನ ಮಾಡಿಕೊಳ್ಳುತ್ತವೆ. ಯಾರೂ ಹೇಳಿಕೊಡದಿದ್ದರೆ ಚಿಕ್ಕ ನಂಬರಿನದು ಯಜಮಾನ, ಅಂದರೆ ಸಾಮಾನ್ಯವಾಗಿ ಎಲ್ಲಕ್ಕೂ ಹಳೆಯದು. ಎ ಬ್ಲಾಕಿನ ಮುದಿ ಪೆಟ್ಟಿಗೆಯೇ ಅಲ್ಲಿ ಹಿರೀಕ. ಉಳಿದವು ಅದನ್ನು ಮುಟ್ಟಲು ಹತ್ತಿರದ ದಾರಿ ಒಂದನ್ನು ಇಟ್ಟುಕೊಂಡು ಸುತ್ತು ಮಾಡುವ ದಾರಿಯನ್ನು ಮುಚ್ಚಿಬಿಡುತ್ತವೆ. ಮುಚ್ಚಿದ್ದು ಸತ್ತದ್ದಲ್ಲ. ಅದು ಕಿವಿ ತೆರೆದುಕೊಂಡೇ ಇರುತ್ತದೆ. ಹಿರೀಕನ ದನಿ ನಿಂತಿತೋ, ಮುಕ್ಕಾಲು ನಿಮಿಷದಲ್ಲಿ ತಾನೇ ತೆರೆದುಕೊಳ್ಳುತ್ತದೆ. ಹಾಗೆ ಮುಚ್ಚಿಕೊಂಡಿದ್ದು ಸಿ ಬ್ಲಾಕಿನಲ್ಲಿ ಮೂರನೆಯ ವೈರಿನ ತುದಿ. ಉಳಿದ ದೀಪಗಳೆಲ್ಲ ಹಸಿರು, ಅದೊಂದು ಮಾತ್ರ ಕಿತ್ತಳೆ ಬಣ್ಣ.

ಒಂದು ವರ್ಷ ಚರಂಡಿ ತೋಡುವಾಗ ಜೆಸಿಬಿ ಎ ಮತ್ತು ಸಿ ನಡುವಿನ ವೈರನ್ನು ಕಿತ್ತು ಹಾಕಿತು. ಕಿತ್ತಳೆ ದೀಪ ಹಸಿರಾಯಿತು, ಸಿ ಬ್ಲಾಕಿನ ಕೆಲಸ ಬಿಯ ಮೂಲಕ ನಡೆಯಿತು. ಕಾಲೇಜಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ. ತಿಮ್ಮೇಶ ಗೇಟಿನ ಹೋಟೆಲಿಗೆ ಹೋಗಿ ಒಬ್ಬನೇ ಚಹಾ ಕುಡಿದು, ಜೊತೆಗೆ ಒಂದು ಪ್ಲೇಟು ಮಿರ್ಚಿ ಮಂಡಕ್ಕಿ ತಿಂದ. ಅವನ ಜೀವಮಾನದ ಸನ್ಮಾನ ಅದೇ.

ಸಿ ಬ್ಲಾಕಿನ ಪೆಟ್ಟಿಗೆ ಇದ್ದದ್ದು ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ. ಅಲ್ಲೇ ಅಟೆಂಡರ್ ಪಾಲಮ್ಮನ ಕುರ್ಚಿ. ಭರಮಸಾಗರದವಳು, ಐವತ್ತೆಂಟು ವಯಸ್ಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಬೆಳಗ್ಗೆ ಮೊದಲ ಬಸ್ಸಿಗೆ ಬಂದು ಮೂರು ಮಹಡಿ ಗುಡಿಸಿ ನೀರಿಡುವವಳು. ತಿಮ್ಮೇಶನ ಹಾಗೆ ಅವಳೂ ಗುತ್ತಿಗೆಯವಳೇ. ಕಸಬರಿಗೆ ತಾಗಿ ವೈರು ಸಡಿಲವಾಗಿ ಕಂಪ್ಯೂಟರ್ ನಿಂತಾಗಲೆಲ್ಲ ತಿಮ್ಮೇಶ ಎ ಬ್ಲಾಕಿನಿಂದ ಓಡಿ ಬರಬೇಕಿತ್ತು. ಅವನಿನ್ನೂ ಹೊಳಲ್ಕೆರೆ ಬಸ್ಸಿನಲ್ಲಿರುವಾಗಲೇ ಫೋನು ಬರುತ್ತಿತ್ತು. ಕೊನೆಗೆ ಒಂದು ದಿನ ಅವಳಿಗೇ ಕಲಿಸಿದ.

"ಅಕ್ಕ, ದೀಪ ಆರಿ ವೈರು ಜೋತಾಡ್ತಾ ಇದ್ರೆ ಹಿಂಗೆ ಒಳಕ್ಕೆ ಒತ್ರಿ. ಟಕ್ ಅಂತ ಸದ್ದು ಬಂದ್ರೆ ಸರಿ ಆಯ್ತು ಅಂತ."

"ಈ ಕಿತ್ತಳೆ ಬಣ್ಣದ್ದು ಯಾಕಪ್ಪ ಹಿಂಗೈತೆ, ಕೆಟ್ಟೈತಾ?"

"ಅದನ್ನ ಮುಟ್ಬ್ಯಾಡ್ರಿ. ಅದು ಬೇಕಂತಲೇ ಮುಚ್ಚಿರಾದು. ಕಿತ್ತಳೆ ಇದ್ರೆ ಬಿಟ್ಬಿಡ್ರಿ, ದೀಪ ಇಲ್ದಿದ್ರೆ ಒತ್ರಿ."

ಪಾಲಮ್ಮನಿಗೆ ಓದು ಬಾರದು. ಆದರೆ ಈ ಎರಡು ಮಾತನ್ನು ಅವಳು ಹನ್ನೊಂದು ವರ್ಷ ತಪ್ಪದೆ ನಡೆಸಿಕೊಂಡು ಬಂದಳು. ಬೆಳಗ್ಗೆ ದೇವರ ಫೋಟೊಕ್ಕೆ ಕೈ ಮುಗಿದ ಮೇಲೆ ಆ ಪೆಟ್ಟಿಗೆಯ ದೀಪಗಳನ್ನು ಒಂದು ಸಲ ನೋಡುವಳು. ಡಿಗ್ರಿ ಇದ್ದವರು ನೋಡುತ್ತಿರಲಿಲ್ಲ.

ಖಾಯಂ ಮಾತು ಬಂದ ಆ ವರ್ಷವೇ ದಾವಣಗೆರೆಯಿಂದ ಪ್ರಭು ಎಂಬುವನು ಕಂಪ್ಯೂಟರ್ ವಿಭಾಗದ ಮ್ಯಾನೇಜರಾಗಿ ಬಂದ. ಮೂವತ್ತರ ಆಸುಪಾಸು, ಮಾತು ಚುರುಕು, ಕೆಟ್ಟವನೇನಲ್ಲ. ಮೇಲಿನವರು ಕೇಳುವ ಮೊದಲೇ ಆಗಿದೆ ಎನ್ನುವ ಜಾತಿ. ಕಾಲೇಜನ್ನು ಕಂಪ್ಯೂಟರಿನಲ್ಲಿ ಬರೆಯುವ ನೇಮಕಾತಿ ಪರೀಕ್ಷೆಗಳಿಗೆ ಕೇಂದ್ರ ಮಾಡಿಸಿದ್ದು ಅವನೇ. ಮೊದಲ ಪರೀಕ್ಷೆಯ ಹಿಂದಿನ ದಿನ ಪರೀಕ್ಷೆ ನಡೆಸುವ ಏಜೆನ್ಸಿಯ ಎಂಜಿನಿಯರ್ ಬಂದು ನೂರೆಂಬತ್ತು ಕಂಪ್ಯೂಟರುಗಳನ್ನು ಹಚ್ಚಿ ನೋಡಿದ. ಅರವತ್ತರಲ್ಲಿ ಕೆಂಪು ಅಕ್ಷರ ಬಂತು: ಸರ್ವರ್ ಸಿಗುತ್ತಿಲ್ಲ.

ಕಾರಣ ತಿಮ್ಮೇಶನಿಗೆ ತಕ್ಷಣ ಹೊಳೆಯಿತು. ಕಂಪ್ಯೂಟರ್ ಹಚ್ಚಿದ ಕೂಡಲೇ ಸ್ವಿಚ್ಚು ಅದಕ್ಕೆ ದಾರಿ ಬಿಡುವುದಿಲ್ಲ. ಇಲ್ಲಿ ಸುತ್ತೇನಾದರೂ ಇದೆಯೇ ಎಂದು ಅರ್ಧ ನಿಮಿಷ ಕಿವಿಗೊಟ್ಟು ಕೇಳಿ ಆಮೇಲೆ ಬಿಡುತ್ತದೆ. ಕಾಲೇಜಿನ ಹಳೆ ಪ್ರೋಗ್ರಾಮುಗಳು ಅಷ್ಟು ಹೊತ್ತು ಕಾಯುತ್ತಿದ್ದವು, ಈ ಹೊಸದಕ್ಕೆ ತಾಳ್ಮೆಯಿಲ್ಲ. ಇದಕ್ಕೆ ಮದ್ದೂ ಇತ್ತು. ಕಂಪ್ಯೂಟರುಗಳ ತೂತುಗಳಿಗೆ ಮಾತ್ರ 'ನೀವು ಕಾಯಬೇಡಿ' ಎಂದು ಒಂದೊಂದಾಗಿ ಹೇಳಿಕೊಟ್ಟರೆ ಆಯಿತು. ಪೆಟ್ಟಿಗೆ ಪೆಟ್ಟಿಗೆಗಳ ನಡುವಿನ ದಾರಿಗೆ ಕಾವಲು ಹಾಗೇ ಇರುತ್ತದೆ.

"ಸಾರ್, ಐದಾರು ತಾಸು ಕೊಡ್ರಿ. ಎಲ್ಲಾ ಪೋರ್ಟೂ ಒಂದೊಂದಾಗಿ ಸೆಟ್ ಮಾಡ್ತೀನಿ" ಎಂದ.

"ಐದು ಗಂಟೆಗೆ ಅವ್ನು ಸೈನ್ ಹಾಕಿ ಹೋಗ್ಬೇಕು ತಿಮ್ಮೇಶ್. ಈಗ ನಾಲ್ಕಾಗೈತೆ. ಅದೇನು ಮರಾನೋ ಮಣ್ಣೋ, ಅದನ್ನೇ ಆಫ್ ಮಾಡ್ಬಿಡ್ರಿ. ಪರೀಕ್ಷೆ ಮುಗಿದ್ಮೇಲೆ ಆನ್ ಮಾಡ್ಕಳ್ರಿ."

"ಲೂಪ್ ಆದ್ರೆ ಎಲ್ಲಾ ನಿಂತೋಗ್ತೈತೆ ಸಾರ್."

"ಲೂಪ್ ಆಗ್ದಂಗೆ ನೋಡ್ಕಳ್ರಿ. ಅದಕ್ಕೇ ಅಲ್ವಾ ನೀವಿರೋದು. ಖಾಯಂ ಪಟ್ಟಿ ಸೋಮವಾರ ಮೀಟಿಂಗಿಗೆ ಬರ್ತೈತೆ, ಗೊತ್ತಲ್ಲ?"

ಪ್ರಭು ಅದನ್ನು ಬೆದರಿಕೆಯಾಗಿ ಹೇಳಿದನೋ ಹುರಿದುಂಬಿಸಲು ಹೇಳಿದನೋ. ತಿಮ್ಮೇಶನಿಗೆ ಎರಡೂ ಒಂದೇ ಕೇಳಿಸಿತು. ಅವನು "ಆಯ್ತು ಸಾರ್" ಎಂದ. ಆಗದು ಎಂದು ಕಾಗದದ ಮೇಲೆ ಎರಡು ಸಾಲು ಬರೆದು ಕೊಡುವ ಎದೆ ಗುತ್ತಿಗೆಯವನಿಗೆ ಎಲ್ಲಿಂದ ಬರಬೇಕು?

ಆ ಕಾವಲು ತೆಗೆಯುವ ಮೊದಲು ಸುತ್ತು ಬಿಡಿಸಬೇಕೆಂಬ ಬುದ್ಧಿ ಅವನಿಗಿತ್ತು. ಸಿ ಬ್ಲಾಕಿನ ಮೆಟ್ಟಿಲ ಕೆಳಗೆ ಹೋಗಿ ಮೂರನೆಯ ವೈರಿನ ತುದಿಯನ್ನು ಕಿತ್ತ. ಕಿತ್ತಳೆ ದೀಪ ಆರಿತು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಮೂರೂ ಬ್ಲಾಕಿನ ಸ್ಪ್ಯಾನಿಂಗ್ ಟ್ರೀ ನಿಲ್ಲಿಸಿದ. ಆ ತೂತನ್ನೇ ಒಂದು ಆಜ್ಞೆ ಬರೆದು ಮುಚ್ಚಿಬಿಡಬಹುದಿತ್ತು, ಒಂದು ನಿಮಿಷದ ಕೆಲಸ. ಕೈಯಲ್ಲಿ ಕಿತ್ತಿಟ್ಟ ಮೇಲೆ ಇನ್ನೇನು ಎಂದುಕೊಂಡ. ಪಾಲಮ್ಮ ಆಗ ಏಜೆನ್ಸಿಯವರಿಗೆ ಚಹಾ ತರಲು ಗೇಟಿಗೆ ಹೋಗಿದ್ದಳು. ಹೊಳಲ್ಕೆರೆ ಬಸ್ಸಿಗೆ ಹೊತ್ತಾಗಿತ್ತು. ನಾಳೆ ಹೇಳಿದರಾಯಿತು ಎಂದು ತಿಮ್ಮೇಶ ಹೊರಟ.

ಮಾರನೆಯ ದಿನ ನೂರೆಂಬತ್ತು ಕಂಪ್ಯೂಟರೂ ಒಂದು ಕೆಂಪು ಅಕ್ಷರ ತೋರದೆ ಎದ್ದವು. ಪ್ರಭು ಬಂದು ಬೆನ್ನು ತಟ್ಟಿದ. ಆದರೆ ಏಜೆನ್ಸಿಯವರ ಕಟ್ಟಳೆ ಬೇರೆ: ಪರೀಕ್ಷೆ ಶುರುವಾದ ಮೇಲೆ ಕಾಲೇಜಿನವರು ಯಾರೂ ಸರ್ವರ್ ಕೋಣೆಗಾಗಲಿ ಬಿ, ಸಿ ಬ್ಲಾಕಿಗಾಗಲಿ ಕಾಲಿಡುವಂತಿಲ್ಲ. ತಿಮ್ಮೇಶನ ಫೋನು ತೆಗೆದಿಟ್ಟುಕೊಂಡು ಅವನನ್ನು ಗೇಟಿನ ಹತ್ತಿರ ಹಾಜರಾತಿ ಮೇಜಿಗೆ ಕೂರಿಸಿದರು. ಪಾಲಮ್ಮನಿಗೆ ಹೇಳುವ ಮಾತು ಅವನ ಬಾಯಲ್ಲೇ ಉಳಿಯಿತು. ಅವಳಿಗೆ ಸಿ ಬ್ಲಾಕಿನೊಳಗೇ ಅಭ್ಯರ್ಥಿಗಳ ಚೀಲ ಕಾಯುವ ಕೆಲಸ ಕೊಟ್ಟಿದ್ದರು. ಕಸ ಗುಡಿಸುವವಳು ಕಾಲೇಜಿನವಳು ಎಂದು ಯಾರಿಗೂ ಅನ್ನಿಸಿರಲಿಲ್ಲ.

ನೂರೆಂಬತ್ತು ಚೀಲಗಳನ್ನು ಸಾಲಾಗಿ ಜೋಡಿಸಿ ಪಾಲಮ್ಮ ತನ್ನ ಕುರ್ಚಿಯಲ್ಲಿ ಕೂತಾಗ ಒಂಬತ್ತು ಮುಕ್ಕಾಲು. ಬೆಳಗಿನಿಂದ ಪೆಟ್ಟಿಗೆ ನೋಡಲು ಪುರುಸೊತ್ತಾಗಿರಲಿಲ್ಲ. ನೋಡಿದಳು. ಒಂದು ವೈರು ಜೋತಾಡುತ್ತಿದೆ, ಅದರ ದೀಪ ಆರಿದೆ. ಒಳಗೆ ಅಷ್ಟು ಮಂದಿ ಮಕ್ಕಳು ಪರೀಕ್ಷೆ ಬರೆಯುತ್ತಿದ್ದಾರೆ, ತನ್ನ ಕಸಬರಿಗೆಯೇ ತಾಗಿತೋ ಏನೋ ಎಂದುಕೊಂಡಳು. ಎದ್ದು ಹೋಗಿ ಒತ್ತಿದಳು. ಟಕ್ ಎಂದಿತು.

ಗೇಟಿನ ಮೇಜಿನ ಮೇಲಿದ್ದ ಕಂಪ್ಯೂಟರ್ ಮರಗಟ್ಟಿತು. ತಿಮ್ಮೇಶ ಎದುರಿಗಿನ ಪುಟ್ಟ ಸ್ವಿಚ್ಚಿನ ಕಡೆ ನೋಡಿದ. ಎಲ್ಲ ದೀಪಗಳೂ ಒಟ್ಟಿಗೆ, ಹುಚ್ಚು ಹಿಡಿದ ಹಾಗೆ ಮಿಟುಕುತ್ತಿದ್ದವು. ಅವನಿಗೆ ತಿಳಿಯಿತು. ಯಾವ ವೈರು, ಯಾರ ಕೈ, ಎಲ್ಲವೂ ಆ ಕ್ಷಣವೇ ತಿಳಿಯಿತು. ಓಡಿದ. ಎ ಬ್ಲಾಕಿನ ಸರ್ವರ್ ಕೋಣೆಯ ಬಾಗಿಲಲ್ಲಿ ಏಜೆನ್ಸಿಯ ಕಾವಲಿನವನು ಕೈ ಅಡ್ಡ ಹಿಡಿದ.

"ಒಂದು ವೈರ್ ಕಿತ್ತು ಬರ್ತೀನಿ, ಅರ್ಧ ನಿಮಿಷ ಬಿಡ್ರಿ."

"ಪರ್ಮಿಷನ್ ಬೇಕು. ಲೋಕಲ್ ಸ್ಟಾಫ್ ಒಳಗೆ ಬಿಡಂಗಿಲ್ಲ."

ಪರ್ಮಿಷನ್ ಕೊಡಬೇಕಾದ ಏಜೆನ್ಸಿಯ ಎಂಜಿನಿಯರ್ ಒಳಗೆ ಸರ್ವರನ್ನು ಆರಿಸಿ ಹಚ್ಚಿ, ಆರಿಸಿ ಹಚ್ಚಿ ಮಾಡುತ್ತಿದ್ದ. ಪ್ರಭು ಆ ಎಂಜಿನಿಯರನ ಫೋನಿಗೆ ಕರೆ ಮಾಡುತ್ತಿದ್ದ. ಆ ಫೋನೂ ಪೆಟ್ಟಿಗೆಯೊಂದರಲ್ಲಿ ಬೀಗದೊಳಗಿತ್ತು. ಮೂವತ್ತೈದು ನಿಮಿಷ ಹೀಗೇ ಹೋಯಿತು. ಕೊನೆಗೆ ಒಳಗೆ ಬಿಟ್ಟಾಗ ತಿಮ್ಮೇಶ ಸರ್ವರ್ ಕೋಣೆಯಲ್ಲಿ ಸಿ ಬ್ಲಾಕಿಗೆ ಹೋಗುವ ವೈರು ಕಿತ್ತ. ಸುತ್ತಿನಲ್ಲಿ ಯಾವುದೊಂದು ಕಿತ್ತರೂ ಸಾಕು. ದೀಪಗಳು ತಣ್ಣಗಾದವು. ಅಷ್ಟರಲ್ಲಿ ಹುಡುಗ ಹುಡುಗಿಯರು ಎದ್ದು ಒಬ್ಬರ ಪರದೆ ಒಬ್ಬರು ನೋಡಿ ಗದ್ದಲ ಎಬ್ಬಿಸಿದ್ದರು. ಪರೀಕ್ಷೆ ನೋಡಿಕೊಳ್ಳಲು ಬಂದಿದ್ದ ವೀಕ್ಷಕರು ಆ ಕೇಂದ್ರದ ಪರೀಕ್ಷೆ ರದ್ದು ಎಂದು ಬರೆದು ಸಹಿ ಹಾಕಿದರು.

ಹೊಸದುರ್ಗದ ಕಡೆಯಿಂದ ಬಂದಿದ್ದ ಸುಪ್ರಿಯಾ ಎಂಬ ಹೆಂಗಸು ಮೆಟ್ಟಿಲ ಹತ್ತಿರ ನಿಂತಿದ್ದಳು. ತಿಮ್ಮೇಶನ ಕುತ್ತಿಗೆಯಲ್ಲಿ ಗುರುತಿನ ಚೀಟಿಯ ಪಟ್ಟಿ ಕಂಡು ಇವನೇ ಯಾರೋ ದೊಡ್ಡವನು ಎಂದುಕೊಂಡು, "ಸಾರ್, ನಂದು ನಲವತ್ತೊಂದು ಪ್ರಶ್ನೆ ಆಗಿದ್ವು. ಅವು ಉಳಿದಿರ್ತಾವಾ?" ಎಂದು ಕೇಳಿದಳು. ಅವು ಸರ್ವರಿನಲ್ಲಿ ಉಳಿದಿದ್ದವು, ಯಾರಿಗೂ ಬೇಡವಾಗಿ. ತಿಮ್ಮೇಶ ದಾಟಿ ಹೋದ.

ನಾಲ್ಕನೆಯ ದಿನ ಶಿವಕುಮಾರಪ್ಪನವರ ಕೋಣೆಯಲ್ಲಿ ವಿಚಾರಣೆ ಆಯಿತು. ಪ್ರಭು ಮೊದಲು ಮಾತಾಡಿದ. "ಕಂಪ್ಯೂಟರ್ ಬೇಗ ಎದ್ದೇಳ್ಬೇಕು ಅಂದಿದ್ದೆ ಸಾರ್. ಹೆಂಗೆ ಅನ್ನಾದು ಟೆಕ್ನಿಕಲ್ ವಿಷ್ಯ, ಅದು ಅವರಿಗೆ ಬಿಟ್ಟಿದ್ದು." ಪೂರಾ ಸುಳ್ಳೇನಲ್ಲ. ಅರ್ಧ ಸತ್ಯಕ್ಕೆ ಇರುವ ಧೈರ್ಯ ಪೂರಾ ಸುಳ್ಳಿಗೆ ಇರುವುದಿಲ್ಲ.

"ಆ ವೈರು ಹಾಕಿದ್ದು ಯಾರಪ್ಪ?" ಎಂದರು ಕಾರ್ಯದರ್ಶಿ.

ತಿಮ್ಮೇಶ ಇದಕ್ಕೆ ಮೂರು ರಾತ್ರಿ ತಯಾರಾಗಿದ್ದ. ಹೇಗೂ ತನ್ನ ತಲೆ ಹೋಗುವುದೇ, ಪಾಲಮ್ಮನದಾದರೂ ಉಳಿಯಲಿ. "ನಾನೇ ಸಾರ್. ಬೆಳಗ್ಗೆ ಮರೆತು ಹಾಕ್ಬಿಟ್ಟೆ" ಎಂದ.

ಮೆಟ್ಟಿಲ ಕೆಳಗಿನ ಕೋಣೆಯ ಬೀಗದ ಕೈ ಯಾರ ಬಳಿ ಇತ್ತೆಂದು ಕೇಳಲು ಪಾಲಮ್ಮನನ್ನು ಕರೆದಿದ್ದರು. ಬಾಗಿಲಲ್ಲಿ ನಿಂತಿದ್ದ ಅವಳು ಸೆರಗು ಸರಿಮಾಡಿಕೊಂಡು ಒಳಗೆ ಬಂದಳು. "ಅವನಲ್ಲ ಸಾಮಿ, ಒತ್ತಿದ್ದು ನಾನು. ದೀಪ ಆರಿ ಜೋತಾಡ್ತಿತ್ತು. ಹಂಗಿದ್ರೆ ಒತ್ಬೇಕು ಅಂತ ಈ ತಿಮ್ಮೇಶಪ್ಪನೇ ಹೇಳ್ಕೊಟ್ಟಿರಾದು. ಹನ್ನೊಂದು ವರ್ಷದಿಂದ ನಾನೇ ನೋಡ್ಕಂಡ್ ಬಂದೀನಿ, ಒಂದಿನ ತಪ್ಪಿಲ್ಲ." ಅವನನ್ನು ಕಾಪಾಡುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಮುಖದಲ್ಲಿ ಒಂಚೂರು ಹೆಮ್ಮೆಯೂ ಇತ್ತು.

ಶಿವಕುಮಾರಪ್ಪನವರು ಬರೆದುಕೊಂಡರು. ಸಂಬಂಧವಿಲ್ಲದವರ ಕೈಗೆ ಯಂತ್ರ ಕೊಟ್ಟದ್ದು ಒಂದು ತಪ್ಪು, ಅದನ್ನು ಮುಚ್ಚಿಡಲು ಸುಳ್ಳು ಹೇಳಿದ್ದು ಇನ್ನೊಂದು. ತಿಮ್ಮೇಶನ ಹೆಸರು ಪಟ್ಟಿಯಿಂದ ಹೋಯಿತು, ಜೂನ್‌ನಲ್ಲಿ ಫೋಟೊ ಅಂಟಿಸುವ ಅರ್ಜಿಯೂ ಹೋಯಿತು. ಪಾಲಮ್ಮನಿಗೆ ನಾಳೆಯಿಂದ ಬರಬೇಡ ಎಂದರು. ಪ್ರಭು ಹೊಸಬನೊಬ್ಬನನ್ನು ಕರೆಸಿ ಮೂರನೆಯ ವೈರನ್ನು ಬುಡಸಮೇತ ಕೀಳಿಸಿದ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದಿಡ್ಡಿಗೆ ಕಲ್ಲು ಕಟ್ಟಿದರು. ಇನ್ನೊಂದು ಸಲ ಜೆಸಿಬಿ ಬಂದರೆ ಅವರ ಹಣೆಬರಹ.

ಈಗ ತಿಮ್ಮೇಶ ಇಂಟರ್ನೆಟ್ ಕನೆಕ್ಷನ್ ಕೊಡುವ ಒಬ್ಬ ಗುತ್ತಿಗೆದಾರನ ಹತ್ತಿರ ಕಂಬ ಹತ್ತುತ್ತಾನೆ. ಇಂದು ಹಿರಿಯೂರು, ನಾಳೆ ಹೊಸದುರ್ಗ. ಮೊಣಕಾಲು ನೋವು. ದೇವಿಕಾ ಚುಚ್ಚುವುದನ್ನು ಬಿಟ್ಟಿದ್ದಾಳೆ, ಅದೇ ಅವನಿಗೆ ಹೆಚ್ಚು ಕಷ್ಟ. ಕಂಬದ ಮೇಲೆ ಕೂತಾಗಲೆಲ್ಲ ಅವನು ಪ್ರಭುವಿನ ಜೊತೆ ವಾದ ಮಾಡುತ್ತಾನೆ, ಕಾವಲಿನವನ ಜೊತೆ ವಾದ ಮಾಡುತ್ತಾನೆ, ಮನಸ್ಸಿನಲ್ಲೇ. ಏಳು ತಿಂಗಳಾದರೂ ಆ ವಾದ ತಿರುಗಿ ತಿರುಗಿ ಶುರುವಾದಲ್ಲಿಗೇ ಬರುತ್ತಿತ್ತು.

ಒಂದು ಮಧ್ಯಾಹ್ನ ಭರಮಸಾಗರದಲ್ಲಿ ಕೆಲಸ ಬಿತ್ತು. ಮುಗಿಸಿಕೊಂಡು, ಕೇಳುತ್ತ ಕೇಳುತ್ತ ಕೆರೆ ಕಡೆಯ ಬೀದಿಯಲ್ಲಿ ಪಾಲಮ್ಮನ ಮನೆಗೆ ಹೋದ. ಅವಳು ಜಗುಲಿಯ ಮೇಲೆ ಯಾರದೋ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಸೊರಗಿದ್ದಳು.

"ಬಾರಪ್ಪ, ಕುಂತ್ಕ" ಎಂದು ಗೋಣಿಚೀಲ ಹಾಸಿದಳು. ಮಜ್ಜಿಗೆ ಕೊಟ್ಟಳು. ಅವನು ಕುಡಿದ ಮೇಲೆ ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತು ತೆಗೆದಳು. "ತಿಮ್ಮೇಶಪ್ಪ, ನಾನು ಒತ್ತಿದ್ದು ತಪ್ಪಾ? ಟಕ್ ಅಂತ ಸದ್ದು ಬಂತಪ್ಪ, ನನ್ನ ಕಿವಿಯಾಗೇ ಕೇಳೀನಿ. ಸರಿಯಾಗಿ ಒತ್ತಿದ್ರೂ ಹೆಂಗೆ ಕೆಡ್ತು? ಅಷ್ಟು ಮಂದಿ ಮಕ್ಕಳ ಪರೀಕ್ಷೆ ಕೆಡಿಸ್ದೆ ಅಂತ ನಂಗೆ ಅನ್ನ ಇಳಿಯಲ್ದು."

ಪೆಟ್ಟಿಗೆ, ಕೂಗು, ಮರ ಎಂದೆಲ್ಲ ಶುರು ಮಾಡಿ ಅವನಿಗೇ ಅದು ಸರಿಯೆನಿಸಲಿಲ್ಲ. ಅಪ್ಪನ ರೊಪ್ಪದ ಕಥೆ ಹೇಳಿದ. ಎರಡು ದಾರಿ, ಪಡುವಲಿಗೆ ಮುಳ್ಳು, ಮುಳ್ಳು ತೆಗೆದ ಸಂಜೆ ಕುರಿ ಸುತ್ತಿದ್ದು, ಅಪ್ಪನ ಎಣಿಕೆ ಮುಗಿಯದೆ ಹೋದದ್ದು. ಪಾಲಮ್ಮನ ತವರಿನವರೂ ಕುರಿ ಸಾಕಿದವರೇ. ಕುಂಟು ಕುರಿಯ ಮಾತಿಗೆ ಅವಳು ನಕ್ಕಳು.

"ಹಂಗಾದ್ರೆ ಆ ವೈರೇ ಪಡುವಲ ದಾರಿ ಅನ್ನು."

"ಹೂಂ ಅಕ್ಕ. ಪೆಟ್ಟಿಗೆ ತಾನೇ ಮುಚ್ಕಂಡಿರ್ತಿತ್ತು, ಕಿತ್ತಳೆ ದೀಪ ಹಚ್ಕಂಡು. ಅವತ್ತು ಅದರ ಬುದ್ಧಿ ಆರಿಸಿ ನಾನು ಕೈಯಾಗೆ ಮುಚ್ಚಿದ್ದೆ."

ಪಾಲಮ್ಮ ಬೀಜವೊಂದನ್ನು ಬಿಡಿಸಿ ಪಕ್ಕಕ್ಕಿಟ್ಟಳು. ಅವಳ ದನಿಯಲ್ಲಿ ಆರೋಪವಿರಲಿಲ್ಲ, ಕೆಲಸ ಬಲ್ಲವಳು ಕೆಲಸದ ಬಗ್ಗೆ ಕೇಳುವ ಹಾಗೆ ಕೇಳಿದಳು. "ನಿಮ್ಮಪ್ಪ ಮುಳ್ಳು ಇಟ್ಮೇಲೆ ಅದಕ್ಕೆ ಏನೂ ಕಟ್ತಿರ್ಲಿಲ್ವಾ?"

ತಿಮ್ಮೇಶ ಖಾಲಿ ಲೋಟವನ್ನು ಕೆಳಗಿಟ್ಟ.

"ಕಟ್ತಿದ್ದ" ಎಂದ. "ಕಂಬಳಿ ಚೂರು."

"ನಮ್ಮಪ್ಪ ಹಳೇ ಸೀರೆ ಹರುಕು ಕಟ್ತಿದ್ದ. ಇಲ್ಲಾಂದ್ರೆ ಮನೇಲಿರೋ ಹೆಂಗಸ್ರಿಗೆ ಹೆಂಗ್ ಗೊತ್ತಾಗ್ಬೇಕು, ಬಿದ್ದ ಮುಳ್ಳೋ ಇಟ್ಟ ಮುಳ್ಳೋ ಅಂತ. ನೀನೇನು ಕಟ್ಟಿದ್ಯಪ್ಪ ಆ ವೈರಿಗೆ?"

ಒಂದು ಚಿಂದಿ ಬಟ್ಟೆ ಸಾಕಿತ್ತು. ಅವಳ ನೆಲ ಒರೆಸುವ ಬಟ್ಟೆಯೇ ಅಲ್ಲಿ ಕುರ್ಚಿಯ ಮೇಲೆ ಒಣಗಲು ಹಾಕಿತ್ತು, ಆ ಸಂಜೆ ಅವನು ಅದನ್ನು ಸರಿಸಿಯೇ ಕೂತಿದ್ದ. ಏಳು ತಿಂಗಳು ಪ್ರಭುವಿನ ಮೇಲೆ ಹೊರಿಸಿದ್ದೆಲ್ಲ ಅವನ ಮೈಮೇಲೆ ಬಂದು ಕೂತಿತು. ಪ್ರಭುವಿಗೆ ಗೊತ್ತಿರಲಿಲ್ಲ, ಕಾವಲಿನವನಿಗೆ ಗೊತ್ತಿರಲಿಲ್ಲ. ತನಗೆ ಎಂಟನೆಯ ವಯಸ್ಸಿನಿಂದ ಗೊತ್ತಿತ್ತು.

"ಏನೂ ಕಟ್ಟಿರ್ಲಿಲ್ಲಕ್ಕ."

ಪಾಲಮ್ಮ ಬೈದಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. "ಹೌದಾ" ಎಂದು ಗುಂಡುಕಲ್ಲನ್ನು ಕೈಗೆತ್ತಿಕೊಂಡು ಮತ್ತೆ ಹುಣಸೆಹಣ್ಣು ಕುಟ್ಟತೊಡಗಿದಳು.